ಬಂದೇಬಿಟ್ಟೆ ಸಾರ್

ಗುಬ್ಬಿಯ ಕಚೇರಿಯಿಂದ ಫೋನು ಬಂದಾಗ ಬಂದೇಬಿಟ್ಟಪ್ಪನವರು ‘ಗುಬ್ಬಿ ಗೇಟ್ ದಾಟಿದೆ ಸಾರ್’ ಎಂದರೆ, ತುಮಕೂರಿನ ಅವರ ಮನೆಯ ಬಚ್ಚಲಲ್ಲಿ ನೀರು ಇನ್ನೂ ಕಾಯುತ್ತಿದೆ ಎಂದರ್ಥ. ‘ಹೆಗ್ಗೆರೆ ಹತ್ರ ಇದೀನಿ’ ಎಂದರೆ ತಟ್ಟೆಗೆ ಇಡ್ಲಿ ಬಿದ್ದಿದೆ. ‘ಮಲ್ಲಸಂದ್ರ ಸಾರ್, ಬಂದೇಬಿಟ್ಟೆ’ ಎನ್ನುವುದು ಒಂದು ಕಾಲಿಗೆ ಸಾಕ್ಸ್ ಏರಿಸಿ ಇನ್ನೊಂದನ್ನು ಮಂಚದ ಕೆಳಗೆ ಹುಡುಕುವಾಗಿನ ಮಾತು. ಸುಮಾರು 20 ಕಿಲೋಮೀಟರ್ ದಾರಿಯನ್ನು ಅವರು ಹೊಸ್ತಿಲೊಳಗೇ ಮುಗಿಸಿಬಿಡುತ್ತಿದ್ದರು. ಇದನ್ನು ಸುಳ್ಳು ಎನ್ನಲು ನನಗೂ ಮನಸ್ಸಿಲ್ಲ. ಮನಸ್ಸು ಹೊರಟಾಗಿದೆ, ದೇಹದ್ದೊಂದು ಬಾಕಿ.

ಅವರ ನಿಜವಾದ ಹೆಸರು ಹಾಜರಾತಿ ಪುಸ್ತಕದಲ್ಲಿದೆ. ಇಲಾಖೆ ಯಾವುದು ಅಂತ ಕೇಳಬೇಡಿ, ನಿಮಗೆ ಕೆಲಸ ಬಿದ್ದಿರುವ ಇಲಾಖೆಯೇ ಅಂದುಕೊಳ್ಳಿ. ಮಕ್ಕಳ ಸ್ಕೂಲಿಗಾಗಿ ತುಮಕೂರಿನಲ್ಲಿ ಮನೆ, ಸಂಬಳಕ್ಕಾಗಿ ತಾಲ್ಲೂಕಿನಲ್ಲಿ ಕೆಲಸ, ಎರಡಕ್ಕೂ ನಡುವೆ ದಿನಾ ಅಪ್ ಅಂಡ್ ಡೌನ್. ಮಕ್ಕಳು ಇಂಜಿನಿಯರಿಂಗ್ ಮುಗಿಸಿದರೂ ಸ್ಕೂಲಿನ ಕಾರಣ ಮಾತ್ರ ಹಾಗೇ ಇದೆ.

ಕೈಯಲ್ಲಿರುವುದು ಮದುವೆಯಲ್ಲಿ ಮಾವ ಕಟ್ಟಿದ ಎಚ್‌ಎಂಟಿ ವಾಚು. ಮಾವನೂ ತುಮಕೂರಿನ ಎಚ್‌ಎಂಟಿ ಕಾರ್ಖಾನೆಯಲ್ಲೇ ಕೆಲಸಕ್ಕಿದ್ದವರು. 1978ರಲ್ಲಿ ಶುರುವಾದ ಆ ಕಾರ್ಖಾನೆಯಿಂದ ದೇಶದ ಎಷ್ಟೋ ಮಣಿಕಟ್ಟುಗಳಿಗೆ ಟೈಮು ಸರಬರಾಜಾಯಿತು. ನಮ್ಮೂರಿಗೆ ಅಂತ ಎಷ್ಟು ಉಳಿಸಿಕೊಂಡೆವೋ ಬೇರೆ ಮಾತು. 2016ರಲ್ಲಿ ಎಚ್‌ಎಂಟಿ ವಾಚಿನ ಕಂಪನಿಯನ್ನೇ ಮುಚ್ಚಲು ಕೇಂದ್ರ ಸಂಪುಟ ಒಪ್ಪಿತು, ಇಲ್ಲಿಯ ಜಾಗ ಇಸ್ರೋ ಪಾಲಾಯಿತು. ಸೆಕೆಂಡು ಜೋಡಿಸುತ್ತಿದ್ದವರು ಹೋಗಿ ಸೆಕೆಂಡನ್ನು ಹಿಂದಿನಿಂದ ಎಣಿಸುವವರು ಬಂದರು. ಬಂದೇಬಿಟ್ಟಪ್ಪನವರು ಮಾತ್ರ ದಿನಾ ಬೆಳಿಗ್ಗೆ ವಾಚಿಗೆ ತಪ್ಪದೆ ಕೀ ಕೊಡುತ್ತಾರೆ. ‘ಇಷ್ಟು ವರ್ಷಕ್ಕೆ ಒಂದು ನಿಮಿಷ ಹಿಂದೆ ಬಿದ್ದಿಲ್ಲ ನೋಡಿ’ ಎನ್ನುತ್ತಾ ಹನ್ನೊಂದೂಕಾಲಿಗೆ ಕಚೇರಿಯ ಮೆಟ್ಟಿಲು ಹತ್ತುತ್ತಾರೆ.

ಹತ್ತರಿಂದ ಅಲ್ಲಿಯವರೆಗೆ ಡ್ಯೂಟಿ ಮಾಡುವುದು ಕುರ್ಚಿಯ ಮೇಲಿನ ಬ್ಯಾಗು. ಅದು ರಾತ್ರಿಯೂ ಅಲ್ಲೇ ಇರುತ್ತದೆಂಬುದು ಕಸ ಗುಡಿಸುವವಳಿಗೆ ಮಾತ್ರ ಗೊತ್ತು.

‘ಸಾಹೇಬ್ರು ಬಂದ್ರಾ ಅಣ್ಣ?’

‘ಬಂದವ್ರೆ. ಇಲ್ಲೇ ಎಲ್ಲೋ ಹೋಗವ್ರೆ. ಕುಂತ್ಕಳಿ.’

ಶುಕ್ರವಾರ ಹತ್ತೂವರೆಯಿಂದ ಹನ್ನೆರಡು ರಾಹುಕಾಲ, ಅವತ್ತು ತಿಳಿದವರು ಕಾಯುವುದೇ ಇಲ್ಲ. ಬುಧವಾರದ್ದು ಹನ್ನೆರಡರಿಂದ ಒಂದೂವರೆ, ಅದರ ಬೆನ್ನಿಗೇ ಊಟ. ಯಾರಾದರೂ ಗೊಣಗಿದರೆ ಉತ್ತರ ಸಿದ್ಧ: ‘ನಾಟಕದ ಊರು ಸ್ವಾಮಿ ಇದು. 1884ರಲ್ಲೇ ಕಂಪನಿ ಕಟ್ಟಿದ ಊರು. ಮೊದಲನೇ ಬೆಲ್ಲಿಗೇ ಯಾರಾದ್ರೂ ಪರದೆ ಎತ್ತುತಾರಾ? ಮೂರನೇ ಬೆಲ್ ಆಗ್ಲಿ ಇರಿ.’ ಗುಬ್ಬಿ ವೀರಣ್ಣನವರ ಕೈಗೆ ಈ ನಟ ಸಿಕ್ಕಿದ್ದರೆ ಎಂಥ ಪಾರ್ಟು ಕೊಡುತ್ತಿದ್ದರೋ. ದ್ವಾರಪಾಲಕನದ್ದಂತೂ ಅಲ್ಲ, ಅದಕ್ಕೆ ಶುರುವಿನಿಂದಲೇ ನಿಂತಿರಬೇಕು.

ಬುದ್ಧಿ ಬರಲಿ ಅಂತ ಮೇಲಿನವರು ಕುಣಿಗಲ್‌ಗೆ ವರ್ಗ ಮಾಡಿದರು. ಬಂದದ್ದು ಬುದ್ಧಿಯಲ್ಲ, ಹೊಸ ಆಧಾರಗಳು. ದಾರಿಯಲ್ಲೇ ಗೂಳೂರು ಸಿಗುತ್ತದಲ್ಲ. ಲೋಕಕ್ಕೆಲ್ಲ ಗಣಪ ಭಾದ್ರಪದ ಚೌತಿಗೆ ಬಂದು ಕೂತರೆ, ಗೂಳೂರಿನಲ್ಲಿ ಚೌತಿಗೆ ಮೂರ್ತಿಯ ಕೆಲಸ ಶುರು. ಪ್ರತಿಷ್ಠಾಪನೆ ಬಲಿಪಾಡ್ಯಮಿಗೆ, ಆಮೇಲೆ ಒಂದು ತಿಂಗಳು ಪೂಜೆ. ‘ವಿಘ್ನೇಶ್ವರನೇ ಎರಡು ತಿಂಗಳು ಲೇಟು. ಅವನಿಗೆ ಯಾರಾದ್ರೂ ನೋಟಿಸ್ ಕೊಟ್ರಾ?’

ಇವರಿಗೆ ಕೊಟ್ಟರು. ಅದಕ್ಕೆ ಬರೆದ ಸಮಜಾಯಿಷಿ ಕಚೇರಿಗಳಲ್ಲಿ ಇವತ್ತಿಗೂ ಕೈಯಿಂದ ಕೈಗೆ ಓಡಾಡುತ್ತಿದೆ. ಭಾರತದ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಮೇಲೆ, ಅಂದರೆ ಅತ್ತ ಮಿರ್ಜಾಪುರದ ಲೆಕ್ಕದಲ್ಲಿ. ತುಮಕೂರು ಇರುವುದು 77 ಚಿಲ್ಲರೆಯಲ್ಲಿ. ಡಿಗ್ರಿಗೆ ನಾಲ್ಕು ನಿಮಿಷ ಹಿಡಿದರೂ ಸಾಕ್ಷಾತ್ ಸೂರ್ಯನೇ ನಮ್ಮ ಜಿಲ್ಲೆಗೆ 21 ನಿಮಿಷ ತಡವಾಗಿ ಹಾಜರಾಗುತ್ತಿರುವುದನ್ನು ತಮ್ಮ ಅವಗಾಹನೆಗೆ ತರಬಯಸುತ್ತೇನೆ. ಗುಣಿಸಿ ನೋಡಿದೆ, ಲೆಕ್ಕ ಸರಿಯಾಗಿದೆ. ಮಿಕ್ಕ 54 ನಿಮಿಷ ಯಾವ ಗ್ರಹದ ಖಾತೆಗೆ ಎಂದು ಮೇಲಿನವರಿಗೆ ಕೇಳಲು ತೋಚಲಿಲ್ಲ, ಅಥವಾ ಅವರೂ ದಿನಾ ಎಲ್ಲಿಂದಲೋ ಬಂದುಹೋಗುವವರೇ ಇರಬಹುದು.

ಹಾಗಂತ ಇವರಿಗೆ ಕಾಲದ ಬೆಲೆ ತಿಳಿಯದು ಎನ್ನಬೇಡಿ. ಕುಣಿಗಲ್‌ನ ಕುದುರೆ ಫಾರಂ ಮುಂದೆ ಯಾರೋ ಹೇಳಿದರಂತೆ: ರೇಸ್ ಕುದುರೆ ಹುಟ್ಟಿದ್ದು ಯಾವತ್ತೇ ಆಗಲಿ, ವಯಸ್ಸು ಏರುವುದು ಜನವರಿ 1ಕ್ಕೇ. ಬಂದೇಬಿಟ್ಟಪ್ಪನವರ ಕಣ್ಣು ತುಂಬಿತು. ಅವರ ವಾರಿಗೆಯ ಎಷ್ಟೋ ನೌಕರರು ಹುಟ್ಟಿರುವುದು ಜೂನ್ 1ಕ್ಕೆ. ಹೆತ್ತ ತಾಯಿಯ ಲೆಕ್ಕ ಬೇರೆ, ಶಾಲೆಗೆ ಸೇರಿಸಿಕೊಂಡ ಮೇಷ್ಟ್ರ ಲೆಕ್ಕ ಬೇರೆ. ತಿಂಗಳ ಮೊದಲನೇ ತಾರೀಕು ಹುಟ್ಟಿದವನು ಹಿಂದಿನ ತಿಂಗಳ ಕೊನೆಗೇ ನಿವೃತ್ತ. ಹಾಗಾಗಿ ಇವರು ಮನೆಗೆ ಹೋಗಬೇಕಾದದ್ದು ಮೇ 31ಕ್ಕೆ. ‘ಜೂನ್ 2 ಅಂತ ಗೀಚಿದ್ರೆ ಮೇಷ್ಟ್ರ ಗಂಟೇನು ಹೋಗ್ತಿತ್ತು? ಪೂರ್ತಿ ಒಂದು ತಿಂಗಳ ಸಂಬಳ ಸಾರ್! ಒಂದೇ ಒಂದು ದಿನಕ್ಕೆ!’ ಇಷ್ಟು ಕರಾರುವಾಕ್ಕಾಗಿ ಒಂದು ದಿನದ ಬೆಲೆ ಕಟ್ಟಿದ ಬೇರೆಯವರನ್ನು ನಾನು ಕಂಡಿಲ್ಲ.

ಇನ್ನು ಸಂಜೆ ಅವರನ್ನು ನೋಡಬೇಕು. ಐದಕ್ಕೆ ಮೊದಲ ಸಲ ವಾಚಿನ ಕಡೆ ಕಣ್ಣು. ಐದೂಕಾಲಿಗೆ ಫೈಲಿಗೆ ದಾರ, ಇಪ್ಪತ್ತಕ್ಕೆ ಕಿಟಕಿಗೆ ಚಿಲಕ, ಇಪ್ಪತ್ತೈದಕ್ಕೆ ಫ್ಯಾನು ಆಫ್. ಐದೂವರೆ ಕಳೆದು ಎರಡು ನಿಮಿಷಕ್ಕೆ ಬಸ್‌ಸ್ಟಾಂಡಿನ ತುಮಕೂರು ಬಸ್ಸು ನಿಲ್ಲುವ ಜಾಗದಲ್ಲಿ ನಿಂತಿರುತ್ತಾರೆ. ಮೊನ್ನೆ ಬಸ್ಸು ಹತ್ತು ನಿಮಿಷ ತಡ. ‘ಈ ದೇಶ ಉದ್ಧಾರ ಆಗಲ್ಲ ಬಿಡಿ. ಟೈಮ್ ಅನ್ನೋದಕ್ಕೆ ಮರ್ಯಾದೆನೇ ಇಲ್ಲ. ಜಪಾನಲ್ಲಾಗಿದ್ರೆ...’ ಎಂದು ಪಕ್ಕದಲ್ಲಿ ನಿಂತವರಿಗೆ ಪಾಠ ಶುರುಮಾಡಿದರು. ಪಕ್ಕದಲ್ಲಿ ನಿಂತಿದ್ದವರು ಬೆಳಿಗ್ಗೆಯಿಂದ ಕಚೇರಿಯ ಬೆಂಚಿನಲ್ಲಿ ಕೂತು ಕೆಲಸವಾಗದೆ ಎದ್ದುಬಂದಿದ್ದ ಮುದುಕ ರೈತ. ಕಂಕುಳಲ್ಲಿ ಕಾಗದಪತ್ರದ ಕವರು.

‘ನಿಜ ಸ್ವಾಮಿ’ ಎಂದ ಆತ. ‘ನಾಳೆ ಎಷ್ಟೊತ್ಗೆ ಬರ್ಲಿ?’

‘ಬೆಳಿಗ್ಗೇನೇ ಬಂದ್ಬಿಡಿ ಯಜಮಾನ್ರೆ. ಮಾಡಿಕೊಟ್ಬಿಡ್ತೀನಿ.’

‘ಬೆಳಿಗ್ಗೆ ಅಂದ್ರೆ ಹಾಲು ಕರೆಯೋ ಬೆಳಿಗ್ಗೇನಾ ಸ್ವಾಮಿ, ಆಫೀಸ್ ಬೆಳಿಗ್ಗೇನಾ?’