ಎಂಟನೇ ಕುರ್ಚಿಯ ಡಾಕ್ಟರು

ಜುಲೈ ಮೊದಲ ವಾರ ಲಾಸ್ ವೇಗಸ್‌ನಲ್ಲಿ ಬಿಸಿಲು 40 ಡಿಗ್ರಿ ದಾಟಿರುತ್ತದೆ. ಅಂಥ ಮಧ್ಯಾಹ್ನದಲ್ಲಿ ಟೋಪಿ ಹೊಲಿದ ದಪ್ಪ ಸ್ವೆಟ್‌ಶರ್ಟ್ ತೊಟ್ಟು, ಕಪ್ಪು ಕನ್ನಡಕ ಏರಿಸಿ, ಕಿವಿಗೆ ದೊಡ್ಡ ಹೆಡ್‌ಫೋನ್ ಸಿಕ್ಕಿಸಿಕೊಂಡು ದಾಪುಗಾಲಿಡುವ ನಡುವಯಸ್ಸಿನ ಗಂಡಸು ಕಂಡರೆ, ಪಾಪ ಚಳಿಜ್ವರವಿರಬೇಕು ಎಂದು ಮರುಗಬೇಕಿಲ್ಲ. ಅವರು ವರ್ಲ್ಡ್ ಸೀರೀಸ್ ಆಫ್ ಪೋಕರ್‌ನ ಮೇನ್ ಇವೆಂಟ್ ಆಡಲು ಹೊರಟವರು. ಹಾರ್ಸ್‌ಶೂ ಮತ್ತು ಪ್ಯಾರಿಸ್ ಹೋಟೆಲುಗಳ ಸಭಾಂಗಣಗಳಲ್ಲಿ ಏಸಿ ಹಾಗೆ ಕೊರೆಯುತ್ತದೆ. ಜೊತೆಗೆ, ಆ ವೇಷವಿಲ್ಲದೆ ಹೋದರೆ ತಾವು ಹಲ್ಲಿನ ಡಾಕ್ಟರೆಂದು ಎದುರಾಳಿಗಳಿಗೆ ಗೊತ್ತಾಗಿಬಿಟ್ಟೀತೆಂಬ ಅಳುಕು ಬೇರೆ.

ಗೊತ್ತಾಗಿಯೇ ಆಗುತ್ತದೆ. ಹತ್ತು ನಿಮಿಷ ಸಾಕು.

ಹಲ್ಲಿನ ಡಾಕ್ಟರೇ ಆಗಿರಬೇಕೆಂದೇನಿಲ್ಲ. ವಿಮೆ ಮಾರುವವರು, ಕಾರಿನ ಷೋರೂಮ್ ಇಟ್ಟವರು, ನಿವೃತ್ತ ಗಣಿತ ಮೇಷ್ಟ್ರು, ಯಾರೂ ಆಗಬಹುದು. ನಮ್ಮ ಅನುಕೂಲಕ್ಕೆ ಡಾಕ್ಟರೇ ಇರಲಿ. ಊರಿನಲ್ಲಿ ಶುಕ್ರವಾರ ರಾತ್ರಿ ಗೆಳೆಯನ ಗ್ಯಾರೇಜಿನಲ್ಲಿ 20 ಡಾಲರ್ ಕಟ್ಟಿ ಆಡುತ್ತಾ, ಒಂದು ಸಲ ವೇಗಸ್‌ಗೆ ಹೋಗಿಯೇ ಬಿಡಬೇಕು ಎಂದು ವರ್ಷಗಟ್ಟಲೆ ಹೇಳಿಕೊಂಡು ಬಂದವರು. ಐವತ್ತನೇ ಹುಟ್ಟುಹಬ್ಬಕ್ಕೆ ಹೆಂಡತಿ, "ಹೋಗಿ ಬಂದುಬಿಡಿ, ಈ ಮಾತು ಒಂದು ಮುಗಿಯಲಿ" ಎಂದು ಕಳಿಸಿದ್ದಾರೆ. ಮುಗಿಯುತ್ತದೆಂದು ನಂಬಿದ್ದು ಆ ತಾಯಿಯ ತಪ್ಪು.

ಡಾಕ್ಟರಂಥವರನ್ನು ಇಲ್ಲಿಗೆ ಎಳೆದು ತಂದ ಪಾಪ ಯಾರದೆಂದರೆ ಕ್ರಿಸ್ ಮನಿಮೇಕರ್ ಎಂಬ ಟೆನೆಸಿಯ ಅಕೌಂಟೆಂಟರದು. 2003ರಲ್ಲಿ ಈ ಪುಣ್ಯಾತ್ಮರು ಇಂಟರ್‌ನೆಟ್ಟಿನಲ್ಲಿ ನೂರು ಡಾಲರೂ ಇಲ್ಲದ ಸಣ್ಣ ಟೂರ್ನಮೆಂಟ್ ಆಡಿ ಮೇನ್ ಇವೆಂಟ್‌ಗೆ ಸೀಟು ಗಿಟ್ಟಿಸಿ, ಘಟಾನುಘಟಿಗಳನ್ನೆಲ್ಲ ಮಲಗಿಸಿ, 25 ಲಕ್ಷ ಡಾಲರ್ ಬಾಚಿಕೊಂಡು ಹೋದರು. ಆ ವರ್ಷ ಆಡಿದವರು 839 ಜನ. ಮರುವರ್ಷ 2,576. ಅದರ ಮರುವರ್ಷ 5,619. 2006ಕ್ಕೆ 8,773. ಅಮೆರಿಕದಲ್ಲಿ ಲೆಕ್ಕ ಬರೆಯುವ, ಹಲ್ಲು ಕೀಳುವ ಪ್ರತಿಯೊಬ್ಬರಿಗೂ ಏಕಕಾಲಕ್ಕೆ, "ಅವನೇ ಗೆದ್ದ ಮೇಲೆ ನಾನೇಕೆ ಗೆಲ್ಲಬಾರದು?" ಎನ್ನಿಸಿತು. 2024ರಲ್ಲಿ ಈ ಪ್ರಶ್ನೆ ಕೇಳಿಕೊಂಡು ಬಂದವರು 10,112. ಇದೇನು ಅರ್ಹತೆ ನೋಡಿ ಸೇರಿಸಿಕೊಳ್ಳುವ ಜಾಗವಲ್ಲ. 21 ವರ್ಷ ತುಂಬಿರಬೇಕು, 10,000 ಡಾಲರ್ ಕಟ್ಟಬೇಕು. ವಿಶ್ವ ಚಾಂಪಿಯನ್ ಪಕ್ಕದಲ್ಲಿ ಕುಳಿತು ಆಡಬಹುದು. ವಿಂಬಲ್ಡನ್‌ನಲ್ಲಿ ಎಷ್ಟು ಕೊಟ್ಟರೂ ಈ ಸೌಲಭ್ಯ ಸಿಗದು.

ಆ 10,000 ಡಾಲರ್ ಪೂರ್ತಿ ಡಾಕ್ಟರದ್ದಲ್ಲ. ತಮ್ಮನ್ನು ತಾವು ಬಿಡಿಬಿಡಿಯಾಗಿ ಮಾರಿಕೊಂಡಿದ್ದಾರೆ. ನೂರು ಡಾಲರಿಗೆ ನೂರಕ್ಕೆ ಒಂದು ಪಾಲು. ಇದು ಪೋಕರ್ ಲೋಕದ ಹಳೆಯ ಪದ್ಧತಿ. ಕ್ಲಿನಿಕ್‌ನ ರಿಸೆಪ್ಷನಿಸ್ಟ್ ಎರಡು ಪಾಲು, ಹಲ್ಲಿನ ಸಿಮೆಂಟ್ ಪೂರೈಸುವವನು ಐದು, ಹೆಂಡತಿಯ ತಮ್ಮ ಹತ್ತು. ಮೊದಲ ಬಹುಮಾನ ಒಂದು ಕೋಟಿ ಡಾಲರ್ ಆದರೆ ರಿಸೆಪ್ಷನಿಸ್ಟ್‌ಗೆ ಎರಡು ಲಕ್ಷ. ವಿಮಾನದಲ್ಲಿ ಕಾಫಿಯ ಜೊತೆ ಕೊಟ್ಟ ಪೇಪರ್ ನ್ಯಾಪ್‌ಕಿನ್ ಮೇಲೆ ಈ ಲೆಕ್ಕವೆಲ್ಲ ಆಗಿ, ಮೈದುನ ಮಹಾಶಯನಿಗೆ ಅಷ್ಟೊಂದು ಕೊಡಬೇಕಲ್ಲ ಎಂದು ಡಾಕ್ಟರು ಈಗಾಗಲೇ ನೊಂದುಕೊಂಡಿದ್ದಾರೆ.

ಮಧ್ಯಾಹ್ನ ಹನ್ನೆರಡಕ್ಕೆ ಮೈಕಿನಲ್ಲಿ "ಶಫಲ್ ಅಪ್ ಅಂಡ್ ಡೀಲ್!" ಎಂಬ ಘೋಷಣೆ ಮೊಳಗುತ್ತದೆ. ಸಾವಿರಾರು ಕೈಗಳು ಒಟ್ಟಿಗೇ ಬಿಲ್ಲೆಗಳನ್ನು ಕಲಸತೊಡಗಿದಾಗ ಏಳುವ ಸದ್ದು ಮಲೆನಾಡಿನ ಮಳೆಗಾಲದ ಜೀರುಂಡೆಗಳದ್ದೇ, ನಡುರಾತ್ರಿಯವರೆಗೆ ನಿಲ್ಲುವುದಿಲ್ಲ. ಪ್ರತಿಯೊಬ್ಬರ ಮುಂದೆಯೂ 60,000 ಅಂಕದ ಬಿಲ್ಲೆಗಳು. ಇವು ಡಾಲರಲ್ಲ, ಮುಗಿದರೆ ಮತ್ತೆ ದುಡ್ಡು ಕೊಟ್ಟು ಕೊಳ್ಳುವಂತಿಲ್ಲ. ಮುಗಿಯಿತೋ, ಮನೆ ದಾರಿ. ಎರಡೆರಡು ಗಂಟೆಯ ಐದು ಸುತ್ತು ಸೇರಿ ಮೊದಲ ದಿನ.

ಮೇಜಿಗೆ ಒಂಬತ್ತು ಜನ. ಎಂಟನೇ ಕುರ್ಚಿ ಡಾಕ್ಟರದು. ಒಂದನೆಯದರಲ್ಲಿ ಹಾರ್ಸ್‌ಶೂ ಎಂಬ ಹೆಸರು ಬಿನಿಯನ್ಸ್ ಕ್ಯಾಸಿನೋದ ಬೋರ್ಡಿನ ಮೇಲಿದ್ದ ಕಾಲದಿಂದ ಬರುತ್ತಿರುವ ಮುದುಕರು. ಬೆನ್ನಿ ಬಿನಿಯನ್ 1970ರಲ್ಲಿ ಈ ಸರಣಿ ಶುರುಮಾಡಿದಾಗ ಗೆದ್ದವರನ್ನು ಓಟು ಹಾಕಿ ಆರಿಸಿದ ಕತೆಯನ್ನು ಅವರು ಹೇಳುತ್ತಿದ್ದಾರೆ. ಮೊದಲು ಎಲ್ಲ ಆಟಗಾರರೂ ತಮಗೇ ಓಟು ಹಾಕಿಕೊಂಡರಂತೆ. ನಿಮ್ಮನ್ನು ಬಿಟ್ಟು ಎರಡನೆಯವರು ಯಾರು ಎಂದು ಕೇಳಿದ ಮೇಲೆ ಜಾನಿ ಮಾಸ್ ಹೆಸರು ಬಂತಂತೆ. ಒಂಬತ್ತನೇ ಕುರ್ಚಿಯಲ್ಲಿ ಇಪ್ಪತ್ತೆರಡು ವರ್ಷದ ಹುಡುಗ. ಅವನು ಯಾವ ಕತೆಯನ್ನೂ ಕೇಳಿಸಿಕೊಳ್ಳುವುದಿಲ್ಲ, ಏನನ್ನೂ ತಿನ್ನುವುದಿಲ್ಲ, ರೆಪ್ಪೆ ಬಡಿಯುವುದೂ ಅನುಮಾನ. ಡಾಕ್ಟರಿಗೆ ಅವನನ್ನು ಕಂಡರೆ ಹೊಟ್ಟೆಯಲ್ಲಿ ಸಣ್ಣ ಚಳಕು.

ಇನ್ನು ಆಟ. ಟಿವಿಯಲ್ಲಿ ನೋಡಿದವರು ಪೋಕರ್ ಎಂದರೆ ಎರಡು ನಿಮಿಷಕ್ಕೊಮ್ಮೆ ಎಲ್ಲ ಬಿಲ್ಲೆಗಳನ್ನೂ ಮುಂದೆ ನೂಕಿ ಎದ್ದು ನಿಲ್ಲುವುದು ಎಂದುಕೊಂಡಿರುತ್ತಾರೆ. ಅಸಲಿನಲ್ಲಿ ಪೋಕರ್ ಎಂದರೆ ಎಲೆ ಎಸೆಯುವುದು. ಕೈಗೆ ಎರಡು ಎಲೆ ಬರುತ್ತವೆ, ಮೂಲೆ ಎತ್ತಿ ನೋಡುತ್ತೀರಿ, ಎಸೆಯುತ್ತೀರಿ. ಮತ್ತೆ ಎರಡು. ಮತ್ತೆ ಎಸೆತ. ಗಂಟೆಗೆ ಹೆಚ್ಚೆಂದರೆ ಇಪ್ಪತ್ತೈದು ಆಟ, ಹತ್ತು ಗಂಟೆಗೆ 250. ಅದರಲ್ಲಿ ಮುಕ್ಕಾಲು ಪಾಲು ಎಸೆಯಲಿಕ್ಕೇ ಬಂದ ಎಲೆಗಳು. ಹತ್ತು ಸಾವಿರ ಡಾಲರ್ ಕೊಟ್ಟು, ವಿಮಾನ ಹತ್ತಿ ಬಂದು, ಎಲೆ ಎಸೆಯುತ್ತಾ ಕೂರುವ ಈ ಸಂಯಮವನ್ನು ಡಾಕ್ಟರು ಮೊದಲ ಒಂದೂಕಾಲು ಗಂಟೆ ಅಚ್ಚುಕಟ್ಟಾಗಿ ಪಾಲಿಸಿದರು.

ಆಮೇಲೆ 10-2 ಬಂತು. ಹತ್ತು ಮತ್ತು ಎರಡು ಕೆಲಸಕ್ಕೆ ಬಾರದ ಜೋಡಿ. ಆದರೆ ಡಾಯ್ಲ್ ಬ್ರನ್ಸನ್ 1976 ಮತ್ತು 1977, ಎರಡೂ ವರ್ಷ, ಮೇನ್ ಇವೆಂಟ್‌ನ ಕೊನೆಯ ಆಟವನ್ನು ಇದೇ ಜೋಡಿಯಲ್ಲಿ ಗೆದ್ದರು. ಅಂದಿನಿಂದ ಇದಕ್ಕೆ ಅವರದೇ ಹೆಸರು. ಡಾಕ್ಟರು ಬ್ರನ್ಸನ್‌ರ ಭಕ್ತರು. ಭಕ್ತಿಗೂ ಬುದ್ಧಿಗೂ ಅರ್ಧ ನಿಮಿಷ ಜಗ್ಗಾಟ ನಡೆದು, ಬುದ್ಧಿ ಗೆದ್ದು, ಎಲೆ ಎಸೆದರು. ಎಲ್ಲರಿಗೂ ಸೇರಿದ್ದೆಂದು ಮೇಜಿನ ಮೇಲೆ ಬಿಚ್ಚಿದ ಮೂರು ಎಲೆಗಳಲ್ಲಿ ಎರಡು ಹತ್ತು, ಒಂದು ಎರಡು. "ಅಯ್ಯೋ, ನಾನು ಎಸೆದದ್ದು ಅದೇ!" ಎಂದು ಡಾಕ್ಟರು ಕೂಗಿಬಿಟ್ಟರು. ಆಟ ನಡೆಯುತ್ತಿರುವಾಗ ಎಸೆದ ಎಲೆ ಹೇಳುವುದು ನಿಯಮಕ್ಕೆ ವಿರುದ್ಧ, ಡೀಲರಮ್ಮ ಎಚ್ಚರಿಸಿದರು. ದಿನದ ಮೊದಲ ಕತೆ ಹೀಗೆ ಹುಟ್ಟಿತು.

ಡಾಕ್ಟರ ಇನ್ನೊಂದು ವಿದ್ಯೆ ಮುಖ ಓದುವುದು. ಮೈಕ್ ಕೇರೋ ಇದರ ಬಗ್ಗೆಯೇ 1984ರಲ್ಲಿ ಪುಸ್ತಕ ಬರೆದಿದ್ದಾರೆ: ಬಲವಾದ ಎಲೆಯವನು ನಿಟ್ಟುಸಿರು ಬಿಡುತ್ತಾನೆ, ಟೊಳ್ಳು ಎಲೆಯವನು ಎದೆ ಸೆಟೆಸುತ್ತಾನೆ. ಡಾಕ್ಟರು ಅದನ್ನು ಗೆರೆ ಹಾಕಿ ಓದಿದ್ದಾರೆ. ‘ರೌಂಡರ್ಸ್’ ಸಿನಿಮಾದಲ್ಲಿ ರಷ್ಯನ್ ಖಳನಾಯಕ ಬಿಸ್ಕತ್ತು ತಿನ್ನುವ ರೀತಿ ನೋಡಿ ನಾಯಕ ಅವನ ಎಲೆ ಪತ್ತೆ ಹಚ್ಚುವುದನ್ನೂ ಲೆಕ್ಕವಿಲ್ಲದಷ್ಟು ಸಲ ನೋಡಿದ್ದಾರೆ. ಮೇಲಾಗಿ ಇಪ್ಪತ್ತೈದು ವರ್ಷ ಜನರ ಬಾಯಿ ತೆರೆಸಿ, ನೋವು ಎಲ್ಲಿದೆಯೆಂದು ಮುಖ ನೋಡಿಯೇ ಹೇಳಿದ ಅನುಭವ. ತೊಂದರೆ ಏನೆಂದರೆ ಇಲ್ಲಿ ಯಾರೂ ಬಾಯಿ ತೆರೆಯುವುದಿಲ್ಲ. ಒಂಬತ್ತನೇ ಕುರ್ಚಿಯ ಹುಡುಗ ಬಿಸ್ಕತ್ತಂತೂ ತಿನ್ನಲೇ ಇಲ್ಲ. ಅತ್ತ ಡಾಕ್ಟರ ಕೈಗೆ ಒಳ್ಳೆಯ ಎಲೆ ಬಂದಾಗೆಲ್ಲ ಕಾಲು ಕುಣಿಯುತ್ತದೆ; ಮೇಜಿನ ಮೇಲಿನ ನೀರಿನ ಬಾಟಲಿಯೂ ಜೊತೆಗೆ ಕುಣಿಯುತ್ತದೆ. ಮೇಜಿನಲ್ಲಿ ಇದನ್ನು ಗಮನಿಸದವರು ಅವರೊಬ್ಬರೇ.

ಎರಡು ಗಂಟೆಗೊಮ್ಮೆ ಇಪ್ಪತ್ತು ನಿಮಿಷದ ಬ್ರೇಕ್. ಸಾವಿರಾರು ಗಂಡಸರು ಒಂದೇ ಕ್ಷಣಕ್ಕೆ ಎದ್ದು ಒಂದೇ ಕಡೆ ಓಡುತ್ತಾರೆ. ಮೇನ್ ಇವೆಂಟ್ ಆಡುವ ಹೆಂಗಸರು ನೂರಕ್ಕೆ ಐದರ ಆಸುಪಾಸು; ಲೋಕದಲ್ಲೆಲ್ಲ ಹೆಂಗಸರ ಶೌಚಾಲಯದ ಮುಂದೆ ಸಾಲಿದ್ದರೆ ಇಲ್ಲಿ ಮಾತ್ರ ಗಂಡಸರದ್ದು ಕಾರಿಡಾರಿನ ತುದಿಯವರೆಗೆ. ಈ ಸಾಲೇ ಪೋಕರ್ ಸಾಹಿತ್ಯದ ಗರಡಿ. ಹಿಂದಿನವರು ಮುಂದಿನವರಿಗೆ, ಮುಂದಿನವರು ಅವರ ಮುಂದಿನವರಿಗೆ ತಾವು ಅನ್ಯಾಯವಾಗಿ ಸೋತ ಬಗೆಯನ್ನು ಹೇಳುತ್ತಿರುತ್ತಾರೆ. ಕೇಳುವವರು ಯಾರೂ ಇಲ್ಲ, ತಮ್ಮ ಸರದಿಗೆ ಕಾಯುವವರೇ ಎಲ್ಲ. ಡಾಕ್ಟರು ಎಡಗೈಯಲ್ಲಿ ಪಾಲುದಾರರಿಗೆ ಮೆಸೇಜು ಕುಟ್ಟುತ್ತಾ ಬಲಗೈಯಲ್ಲಿ 10-2 ಕತೆಯನ್ನು ಅಭಿನಯಿಸುತ್ತಾರೆ.

ಮೂರನೇ ಸುತ್ತಿನಲ್ಲಿ ಒಂದೆರಡು ಕೈ ಗೆದ್ದು ಅವರ ಬಿಲ್ಲೆ 71,000ಕ್ಕೆ ಏರಿತು. ಊಟದ ಬಿಡುವಿನಲ್ಲಿ ಡಾಕ್ಟರು ಕೌಶಲದ ಬಗ್ಗೆ ಮಾತಾಡಿದರು. ಪೋಕರ್ ಕೌಶಲವೋ ಅದೃಷ್ಟವೋ ಎಂಬ ಪ್ರಶ್ನೆ ನಮ್ಮ ಕರ್ನಾಟಕದಲ್ಲೂ ಕೋರ್ಟು ಹತ್ತಿದೆ. ಕೌಶಲದ ಆಟವಾಗಿ ಆಡುವ ಪೋಕರಿಗೆ ಪರವಾನಗಿ ಬೇಡವೆಂದು ಹೈಕೋರ್ಟ್ 2013ರಲ್ಲಿ ಹೇಳಿತು. 2021ರಲ್ಲಿ ರಾಜ್ಯ ಸರ್ಕಾರ ಪೊಲೀಸ್ ಕಾಯ್ದೆ ತಿದ್ದಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದರೆ, 2022ರ ಫೆಬ್ರುವರಿಯಲ್ಲಿ ಅದೇ ಹೈಕೋರ್ಟ್ ಆ ನಿಷೇಧವನ್ನು ರದ್ದು ಮಾಡಿತು. 2025ರಲ್ಲಿ ಕೇಂದ್ರದ ಕಾಯ್ದೆ ಬಂದು, ಕೌಶಲ ಅದೃಷ್ಟ ಎಂದು ನೋಡದೆ, ದುಡ್ಡಿನ ಆನ್‌ಲೈನ್ ಆಟಗಳಿಗೆಲ್ಲ ಬೀಗ ಹಾಕಿತು. ಇಷ್ಟೊಂದು ಜನ ಇಷ್ಟು ವರ್ಷ ತಲೆ ಕೆಡಿಸಿಕೊಂಡದ್ದನ್ನು ಡಾಕ್ಟರು ಒಂದು ಬರ್ಗರ್ ಮುಗಿಯುವುದರೊಳಗೆ ಇತ್ಯರ್ಥ ಮಾಡಿದರು: ಗೆದ್ದದ್ದು ಕೌಶಲ, ಸೋತದ್ದು ಅದೃಷ್ಟ.

ನಾಲ್ಕನೇ ಸುತ್ತು. ಎಲೆಯ ಮೂಲೆ ಎತ್ತಿದರು. ಇಸ್ಪೀಟು ಎಕ್ಕ. ಇನ್ನೊಂದರ ಮೂಲೆ ಎತ್ತಿದರು. ಆಟಿನ್ ಎಕ್ಕ.

ಎರಡು ಎಕ್ಕ ಒಟ್ಟಿಗೆ ಬರುವುದು ಸರಾಸರಿ 221 ಆಟಕ್ಕೊಮ್ಮೆ. ಅಂದರೆ ಇಡೀ ದಿನಕ್ಕೆ ಒಂದು ಸಲ, ಅದೃಷ್ಟವಿದ್ದರೆ. ಡಾಕ್ಟರ ಕಾಲು ಕುಣಿಯಿತು, ಬಾಟಲಿ ಕುಣಿಯಿತು, ಏಳು ಜನ ತಣ್ಣಗೆ ಎಲೆ ಎಸೆದರು. ಹುಡುಗ ಮಾತ್ರ ಎಸೆಯಲಿಲ್ಲ. ಡಾಕ್ಟರು ಪಣ ಏರಿಸಿದರು, ಅವನೂ ಏರಿಸಿದ. ಮತ್ತೆ ಏರಿಸಿದರು, ಅವನು ತನ್ನ ಅಷ್ಟೂ ಬಿಲ್ಲೆ, 65,800, ಮುಂದೆ ನೂಕಿದ. ಡಾಕ್ಟರು "ಕಾಲ್!" ಎಂದು ಕೂಗಿದ್ದು ಮೂರು ಮೇಜಿನಾಚೆಗೆ ಕೇಳಿಸಿತು. ಹುಡುಗ ಎರಡು ರಾಜ ತೋರಿಸಿದ.

ನೂರಕ್ಕೆ 82 ಭಾಗ ಡಾಕ್ಟರದೇ ಗೆಲುವು. ಮೂರು ಎಲೆ ಬಿದ್ದವು, ರಾಜ ಇಲ್ಲ. ನಾಲ್ಕನೆಯದು, ಇಲ್ಲ. ಈಗ ಉಳಿದ 44 ಎಲೆಗಳಲ್ಲಿ ಹುಡುಗನನ್ನು ಕಾಯುವುದು ಎರಡೇ ರಾಜ, 22ಕ್ಕೆ ಒಂದು. ಡಾಕ್ಟರು ಮನಸ್ಸಿನಲ್ಲೇ ಮೈದುನನಿಗೆ ಮೆಸೇಜು ಬರೆಯತೊಡಗಿದ್ದರು. ಐದನೆಯ ಎಲೆ ಕಳಾವರ್ ರಾಜ.

"ಸಾರಿ ಸರ್" ಎಂದ ಹುಡುಗ. ಮಧ್ಯಾಹ್ನದಿಂದ ಅವನಾಡಿದ ಮೊದಲ ಮಾತು.

ಡಾಕ್ಟರ ಬಳಿ ಉಳಿದದ್ದು 5,200. ಮುದುಕರು ಸಮಾಧಾನಕ್ಕೆ ಜ್ಯಾಕ್ ಸ್ಟ್ರೌಸ್ ಕತೆ ತೆಗೆದರು. 1982ರಲ್ಲಿ ಎಲ್ಲವನ್ನೂ ಕಳೆದುಕೊಂಡೆನೆಂದು ಎದ್ದ ಸ್ಟ್ರೌಸ್‌ಗೆ ನ್ಯಾಪ್‌ಕಿನ್ ಕೆಳಗೆ ಒಂದೇ ಒಂದು ಬಿಲ್ಲೆ ಸಿಕ್ಕಿ, ಅದರಿಂದಲೇ ಆಡಿ ಆ ವರ್ಷದ ಚಾಂಪಿಯನ್ ಆದರಂತೆ. ಒಂದು ಬಿಲ್ಲೆ, ಒಂದು ಕುರ್ಚಿ ಇದ್ದರೆ ಸಾಕು ಎಂಬ ನುಡಿ ಅಂದಿನಿಂದ ಪ್ರತಿಯೊಬ್ಬ ಸೋಲುವವನ ಬಾಯಲ್ಲಿದೆ. ಡಾಕ್ಟರು ನ್ಯಾಪ್‌ಕಿನ್ ಎತ್ತಿ ನೋಡಿದರು. ವಿಮಾನದ ಲೆಕ್ಕವಿತ್ತು.

ಐದನೇ ಸುತ್ತಿನ ನಡುವೆ ಮತ್ತೆ 10-2 ಬಂತು. ಈ ಸಲ ಭಕ್ತಿ ಗೆದ್ದಿತು, ಆಟ ಸೋತಿತು. ಡೀಲರಮ್ಮ ಕೈ ಎತ್ತಿ "ಸೀಟ್ ಓಪನ್!" ಎಂದರು. ಯಾರೂ ತಲೆ ಎತ್ತಲಿಲ್ಲ, ಜೀರುಂಡೆಗಳೂ ನಿಲ್ಲಲಿಲ್ಲ. ಬಂದವರಲ್ಲಿ ಸುಮಾರು ನೂರಕ್ಕೆ 15 ಜನರಿಗೆ ಬಹುಮಾನವುಂಟು, ಕನಿಷ್ಠ 15,000 ಡಾಲರ್. ಆದರೆ ಅಲ್ಲಿಗೆ ಮುಟ್ಟಲು ಇನ್ನೂ ದಿನಗಳು ಆಡಬೇಕು. ಡಾಕ್ಟರು ಮೊದಲ ದಿನದ ರಾತ್ರಿ ಹನ್ನೊಂದಕ್ಕೇ ಟ್ಯಾಕ್ಸಿಯಲ್ಲಿದ್ದರು.

ಅವರ ಮುಖದಲ್ಲಿ ದುಃಖ ಹುಡುಕಿದರೆ ನಿರಾಸೆಯಾದೀತು. ನಾಲ್ಕನೇ ದಿನ ಸಾಧಾರಣ ಎಲೆಯಲ್ಲಿ ಮರ್ಯಾದೆಯಾಗಿ ಸೋತಿದ್ದರೆ ಹೇಳಲು ಏನಿರುತ್ತಿತ್ತು? ಈಗ ಎರಡು ಎಕ್ಕ ಇದೆ, ಎರಡು ರಾಜ ಇದೆ, ಕೊನೆಯ ಎಲೆ ಇದೆ. ಟ್ಯಾಕ್ಸಿ ಚಾಲಕನಿಗೆ ಹೇಳುವಾಗ ಹುಡುಗನ ಗೆಲುವಿನ ಸಾಧ್ಯತೆ 22ಕ್ಕೆ ಒಂದಿತ್ತು. ವಿಮಾನ ನಿಲ್ದಾಣದಲ್ಲಿ 50ಕ್ಕೆ ಒಂದು. ಹತ್ತು ಪಾಲು ಕಳೆದುಕೊಂಡ ಮೈದುನನೆದುರು ಕೂತಾಗ ಸಾವಿರಕ್ಕೆ ಒಂದು. ಕ್ಲಿನಿಕ್ಕಿನಲ್ಲಿ ರೋಗಿಯ ಬಾಯಲ್ಲಿ ಎರಡು ಉಪಕರಣ ಇಟ್ಟ ಮೇಲೆ, ಅವನು ಮಾತಾಡಲಾರದ ಸ್ಥಿತಿಯಲ್ಲಿರುವಾಗ, ಅಂಥದ್ದು ಲೋಕದಲ್ಲಿ ಇನ್ನಾರಿಗೂ ಆಗಿಲ್ಲ.

ಪೋಕರ್ ಆಡುವವರಲ್ಲಿ ಒಂದು ತಮಾಷೆಯ ಕಟ್ಟಳೆಯಿದೆ: ತಾನು ಅನ್ಯಾಯವಾಗಿ ಸೋತ ಕತೆ ಹೇಳಬೇಕಾದವನು ಕೇಳುವವನಿಗೆ ಒಂದು ಡಾಲರ್ ಕೊಡಬೇಕು. ವೇಗಸ್‌ನಿಂದ ಹೊರಡುವ ಯಾವುದಾದರೂ ವಿಮಾನದಲ್ಲಿ ನಿಮ್ಮ ಪಕ್ಕಕ್ಕೆ ದಪ್ಪ ಸ್ವೆಟ್‌ಶರ್ಟಿನ ಗಂಡಸೊಬ್ಬರು ಬಂದು ಕೂತು, "ನಿಮಗೆ ಪೋಕರ್ ಗೊತ್ತೇ?" ಎಂದು ವಿಚಾರಿಸಿದರೆ, ದಯವಿಟ್ಟು ಮೊದಲು ದುಡ್ಡು ಈಸಿಕೊಳ್ಳಿ. ಎರಡು ಡಾಲರ್ ಕೇಳಿ, 10-2 ಕತೆ ಬೇರೆ ಇದೆ.