ಎಡ ಮಗ್ಗುಲು ಕಾದವನ ಸಂಬಳ: ಜೆರಿ ಜೋನ್ಸ್ ಅವರಿಗೊಂದು ಬಹಿರಂಗ ಪತ್ರ

ಮಾನ್ಯ ಜೆರಿ ಜೋನ್ಸ್ ಅವರಿಗೆ,
ಮಾಲೀಕರು ಹಾಗೂ ಜನರಲ್ ಮ್ಯಾನೇಜರ್, ಡಲ್ಲಾಸ್ ಕೌಬಾಯ್ಸ್

ಧಣಿಗಳೇ,

ಎರಡೂ ಹುದ್ದೆ ಬರೆದಿದ್ದೇನೆ, ಒಂದನ್ನು ಬಿಟ್ಟರೆ ಇನ್ನೊಂದಕ್ಕೆ ಬೇಜಾರಾದೀತು ಅಂತ. 1989ರಲ್ಲಿ ತಂಡ ಕೊಂಡಾಗಿನಿಂದ ಮಾಲೀಕರೂ ನೀವೇ, ಆಟಗಾರರನ್ನು ಆರಿಸುವ ಮ್ಯಾನೇಜರೂ ನೀವೇ. ಬೇರೆ ಕಡೆ ಮ್ಯಾನೇಜರ್ ಎಡವಟ್ಟು ಮಾಡಿದರೆ ಮಾಲೀಕರು ಕರೆಸಿ ಬಯ್ಯುತ್ತಾರೆ. ನಿಮಗೆ ಆ ಸೌಕರ್ಯ ಕನ್ನಡಿ ಮುಂದೆ ಮಾತ್ರ. ನೀವು ಕನ್ನಡಿ ನೋಡುವುದು ಟಿವಿಗೆ ಹೋಗುವ ಮುಂಚೆ ಇರಬೇಕು.

ಈ ಕಾಗದ ಹುಟ್ಟಿದ್ದು ಪ್ಲೇನೋದ ಒಂದು ಫಿಸಿಯೋಥೆರಪಿ ಕ್ಲಿನಿಕ್ಕಿನಲ್ಲಿ. ಬೆನ್ನು ನೋವಿಗೆಂದು ಆಫೀಸಿಗೆ ಅರ್ಧ ದಿನ ರಜೆ ಹಾಕಿ ಹೋದರೆ, ಕೌಂಟರಿನ ಹುಡುಗಿ ಕಂಪ್ಯೂಟರಿನಿಂದ ಕಣ್ಣೆತ್ತದೆ, ಇನ್ಶೂರೆನ್ಸಿನ ಮಂಜೂರಾತಿ ಮುಗಿದಿದೆ, ಹೊಸದು ತರಿಸಿಕೊಳ್ಳಿ ಅಂದಳು. ಇನ್ಶೂರೆನ್ಸಿನವರಿಗೆ ಫೋನ್ ಮಾಡಿದೆ. ಸಂಗೀತ. ಮತ್ತೆ ಸಂಗೀತ. ಕೊನೆಗೂ ಸಿಕ್ಕ ಪುಣ್ಯಾತ್ಮ ಹೇಳಿದ್ದು ಇಷ್ಟು: ಬೆನ್ನು ಅದೇ, ನೋವೂ ಅದೇ, ಆದರೆ ವರ್ಷ ಬೇರೆ, ಎಲ್ಲವನ್ನೂ ಮೊದಲಿಂದ ರುಜುವಾತು ಮಾಡಬೇಕು. ಅಷ್ಟು ಹೊತ್ತೂ ಎದುರಿನ ಗೋಡೆಯ ಟಿವಿಯಲ್ಲಿ ನಿಮ್ಮದೇ ಸುದ್ದಿ. ಕೌಬಾಯ್ಸ್ ಇನ್ನೊಬ್ಬನ ಕಾಂಟ್ರಾಕ್ಟ್ ರಿಸ್ಟ್ರಕ್ಚರ್ ಮಾಡಿ ಮಿಲಿಯನ್‌ಗಟ್ಟಲೆ ಜಾಗ ಮಾಡಿಕೊಂಡಿತಂತೆ. ಪ್ರತಿ ಮಾರ್ಚ್‌ನಲ್ಲೂ ಕೇಳುವ ಹಾಡು. ಈ ಸಲ ಸೊಂಟ ಹಿಡಿದುಕೊಂಡು ಕೇಳಿದ್ದರಿಂದಲೋ ಏನೋ, ನಿಮ್ಮ ತಂಡದಲ್ಲಿದ್ದ ಟೈರನ್ ಸ್ಮಿತ್ ನೆನಪಾದ. ನೆನಪಾಗಿ ಮೈ ಉರಿಯಿತು.

ಊರಲ್ಲಿ ಕೂತು ಇದನ್ನು ಓದುವ ನಮ್ಮವರಿಗಾಗಿ ನಿಮ್ಮ ವಿದ್ಯೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಅಪ್ಪಣೆ ಕೊಡಿ. ಇದು ಅಮೆರಿಕದವರ ಫುಟ್‌ಬಾಲ್, ಹೆಲ್ಮೆಟ್ ಹಾಕಿಕೊಂಡು ಒಬ್ಬರ ಮೇಲೊಬ್ಬರು ಬೀಳುವುದು. ಆಟಗಾರರ ಸಂಬಳಕ್ಕೆ ಪ್ರತಿ ತಂಡಕ್ಕೂ ಲೀಗು ಒಂದು ಮಿತಿ ಹಾಕಿದೆ. 2023ರಲ್ಲಿ ಅದು 224.8 ಮಿಲಿಯನ್ ಡಾಲರ್. ಮಿತಿಯೊಳಗೆ ಹಿಡಿಸದಿದ್ದಾಗ ಆಟಗಾರನ ಈ ವರ್ಷದ ಸಂಬಳದ ದೊಡ್ಡ ಪಾಲಿಗೆ ಸೈನಿಂಗ್ ಬೋನಸ್ ಅಂತ ನಾಮಕರಣ ಮಾಡುತ್ತಾರೆ, ರಿಸ್ಟ್ರಕ್ಚರ್ ಅಂದರೆ ಇದೇ. ದುಡ್ಡು ಅವನಿಗೆ ಸಿಗುತ್ತದೆ, ಅದರಲ್ಲಿ ಮೋಸವಿಲ್ಲ. ಆದರೆ ಪುಸ್ತಕದಲ್ಲಿ ಅದನ್ನು ಐದು ವರ್ಷದವರೆಗೆ ಹಂಚಿ ಬರೆಯಬಹುದು. ಹತ್ತು ಮಿಲಿಯನ್ ಕೊಟ್ಟು, ಈ ವರ್ಷದ ಲೆಕ್ಕಕ್ಕೆ ಎರಡೇ ಹಾಕಬಹುದು. ಕಾಂಟ್ರಾಕ್ಟಿನಲ್ಲಿ ಅಷ್ಟು ವರ್ಷ ಬಾಕಿ ಇಲ್ಲವೇ? ಅವನು ಯಾವತ್ತೂ ಆಡದ ಒಂದೆರಡು ವರ್ಷಗಳನ್ನು ಕೊನೆಗೆ ಅಂಟಿಸುತ್ತಾರೆ, ಅದಕ್ಕೆ ವಾಯ್ಡ್ ಇಯರ್ಸ್ ಅಂತ ಹೆಸರು. ಅವನು ತಂಡ ಬಿಟ್ಟಮೇಲೆ ಬಾಕಿ ಉಳಿದದ್ದು ಲೆಕ್ಕಕ್ಕೆ ಬಂದು ಬೀಳುತ್ತದೆ, ಅದು ಡೆಡ್ ಮನಿ.

ನಮ್ಮೂರ ಸೊಸೈಟಿ ಸೆಕ್ರೆಟರಿ ಇದನ್ನು ಇದಕ್ಕಿಂತ ಚೆನ್ನಾಗಿ ಮಾಡುತ್ತಿದ್ದ. ಮಾರ್ಚ್ ಬಂತೆಂದರೆ ಅಪ್ಪನನ್ನು ಕರೆಸಿ, ಹಳೇ ಕಬ್ಬಿನ ಸಾಲ ತೀರಿತು ಅಂತ ಒಂದು ಪುಟದಲ್ಲಿ, ಹೊಸ ಸಾಲ ಕೊಟ್ಟಿತು ಅಂತ ಇನ್ನೊಂದು ಪುಟದಲ್ಲಿ ಬರೆದು, ಎರಡಕ್ಕೂ ರುಜು ಹಾಕಿಸಿಕೊಳ್ಳುತ್ತಿದ್ದ. ಒಂದು ನೋಟೂ ಮೇಜು ದಾಟುತ್ತಿರಲಿಲ್ಲ. ಅವನಿಗೆ ಯಾರೂ ಹಾಲ್ ಆಫ್ ಫೇಮ್‌ನಲ್ಲಿ ಜಾಗ ಕೊಡಲಿಲ್ಲ. ನಿಮಗೆ 2017ರಲ್ಲಿ ಕೊಟ್ಟರು.

ಇರಲಿ. ಪುಸ್ತಕದ ಆಟ ನಿಮ್ಮ ನಿಮ್ಮದು, ಅದರಲ್ಲಿ ಆಟಗಾರನಿಗೆ ನಷ್ಟವಿಲ್ಲ, ನನಗೂ ತಕರಾರಿಲ್ಲ. ಇದರ ಜೊತೆಗೆ ಇನ್ನೊಂದು ಆಟ ಇದೆ, ಮುಪ್ಪಾದ ಮತ್ತು ಪೆಟ್ಟು ತಿಂದ ಆಟಗಾರರಿಗೆಂದೇ ಮೀಸಲಿಟ್ಟದ್ದು. ಅಲ್ಲಿ ಸಂಬಳವನ್ನು ಮುಂದಿನ ವರ್ಷಗಳಿಗೆ ಹಂಚುವುದಿಲ್ಲ, ಕತ್ತರಿಸುತ್ತಾರೆ. ಕತ್ತರಿಸಿದ್ದನ್ನು ಆಡಿದಷ್ಟು ಕಾಸು ಅಂತ ಎದುರಿಗೆ ನೇತುಹಾಕುತ್ತಾರೆ. ಎರಡೂ ಸುದ್ದಿಯನ್ನು ಆ ಟಿವಿಯವರು ಒಂದೇ ನಗುಮುಖದಲ್ಲಿ ಓದುತ್ತಾರೆ.

ಟೈರನ್ ಸ್ಮಿತ್‌ನನ್ನು ನೀವು 2011ರ ಡ್ರಾಫ್ಟಿನಲ್ಲಿ, ಅಂದರೆ ತಂಡಗಳು ಹೊಸ ಹುಡುಗರನ್ನು ಸರದಿಯಲ್ಲಿ ಆರಿಸಿಕೊಳ್ಳುವಲ್ಲಿ, ಒಂಬತ್ತನೆಯವನಾಗಿ ಆರಿಸಿದಿರಿ. ನಿಮ್ಮೊಳಗಿನ ಮ್ಯಾನೇಜರ್ ಮಾಡಿದ ಅತಿ ಒಳ್ಳೆಯ ಕೆಲಸಗಳಲ್ಲಿ ಅದೊಂದು, ಒಪ್ಪಿದೆ. ಆರೂವರೆ ಅಡಿ ಹತ್ತಿರದ, 145 ಕಿಲೋ ತೂಗುವ ಹುಡುಗ. ಕೆಲಸ ಲೆಫ್ಟ್ ಟ್ಯಾಕಲ್. ಕ್ವಾರ್ಟರ್‌ಬ್ಯಾಕ್ ಬಲಗೈಯಲ್ಲಿ ಚೆಂಡೆಸೆಯಲು ತಿರುಗಿ ನಿಂತಾಗ ಅವನ ಕಣ್ಣಿಗೆ ಬೀಳದ ಎಡ ಮಗ್ಗುಲಿನಿಂದ ನುಗ್ಗುವವರನ್ನು ತಡೆಯುವುದು. ಚೆಂಡು ಮುಟ್ಟುವ ಹಾಗಿಲ್ಲ, ಸ್ಕೋರ್ ಮಾಡುವ ಹಾಗಿಲ್ಲ, ಅವನ ಹೆಸರು ಟಿವಿಯಲ್ಲಿ ಬಂದರೆ ತಪ್ಪು ಮಾಡಿದ್ದಾನೆ ಅಂತಲೇ ಅರ್ಥ. ಅಂಥ ಕೆಲಸದಲ್ಲಿ ಎಂಟು ಸಲ ಪ್ರೋ ಬೌಲ್‌ಗೆ, ಅಂದರೆ ಲೀಗಿನ ತಾರೆಯರ ಪಟ್ಟಿಗೆ, ಆಯ್ಕೆಯಾದ.

2014ರಲ್ಲಿ ಅವನ ಜೊತೆ ಎಂಟು ವರ್ಷದ ಮುಂದುವರಿಕೆ ಒಪ್ಪಂದ ಮಾಡಿಕೊಂಡಿರಿ, 97.6 ಮಿಲಿಯನ್ ಡಾಲರಿಗೆ. ವರ್ಷಕ್ಕೆ ಸುಮಾರು 12. ಅವತ್ತು ಅದು ದೊಡ್ಡ ಮೊತ್ತ. ಆಗ ಸಂಬಳದ ಮಿತಿ ಇದ್ದದ್ದು 133 ಮಿಲಿಯನ್. ಮಿತಿ ಏರುತ್ತಾ ಹೋಯಿತು, ನಿಮ್ಮ ತಂಡದ ಬೆಲೆ ಏರುತ್ತಾ ಹೋಯಿತು, ಟಿಕೆಟ್ಟು, ಪಾರ್ಕಿಂಗು, ನನ್ನ ಮಗನ ಜೆರ್ಸಿ ಎಲ್ಲವೂ ಏರಿದವು. ಟೈರನ್‌ನ 12 ಮಾತ್ರ ಅಲ್ಲೇ ನಿಂತಿತ್ತು. 2021ರಲ್ಲಿ ಅದೇ ಜಾಗದಲ್ಲಿ ಆಡುವ ಟ್ರೆಂಟ್ ವಿಲಿಯಮ್ಸ್‌ಗೆ ಸ್ಯಾನ್ ಫ್ರಾನ್ಸಿಸ್ಕೋದವರು ವರ್ಷಕ್ಕೆ ಸರಾಸರಿ 23 ಮಿಲಿಯನ್ ಲೆಕ್ಕದಲ್ಲಿ ಬರೆದುಕೊಟ್ಟರು. ಆ ವರ್ಷ ನೀವು ಟೈರನ್‌ನನ್ನು ಕರೆಸಿ, ಅಪ್ಪಾ, ಮಾರ್ಕೆಟ್ ರೇಟ್ ಏರಿದೆ, ನಿನ್ನ ಕಾಂಟ್ರಾಕ್ಟ್ ತಿದ್ದೋಣ ಅಂದಿರಾ? ಒಪ್ಪಂದ ಒಪ್ಪಂದವೇ ಅಂತ ಸುಮ್ಮನಿದ್ದಿರಿ. ಅವನೂ ಸುಮ್ಮನಿದ್ದ.

ನಿಮ್ಮ ಲೆಕ್ಕಿಗರ ಪರವಾಗಿಯೂ ನಾಲ್ಕು ಮಾತು ಆಡಬೇಕು. 2015ರ ನಂತರ ಟೈರನ್ ಒಂದು ಸೀಸನ್ನೂ ಪೂರ್ತಿ ಆಡಲಿಲ್ಲ. 2016ರಿಂದ 2019ರವರೆಗೆ ಪ್ರತಿ ವರ್ಷ 13 ಆಟ. ಆ ಅಂಕಿಯ ಮೇಲೆ ಅವನಿಗೆ ಅದೇನು ವ್ಯಾಮೋಹವೋ. 2020ರಲ್ಲಿ ಕುತ್ತಿಗೆಯ ಶಸ್ತ್ರಚಿಕಿತ್ಸೆ, ಎರಡೇ ಆಟ. 2021ರಲ್ಲಿ 11. ಬೆನ್ನು, ತೊಡೆಸಂದು, ಮೊಣಕಾಲು, ಕಣಕಾಲು. ಡಾಕ್ಟರ ಫೈಲಿನಲ್ಲಿ ಬಿಟ್ಟುಹೋದ ಭಾಗ ಕಡಿಮೆ. ಆಡದ ದಿನಗಳಿಗೂ ಸಂಬಳ ಕೊಟ್ಟಿದ್ದೀರಿ. ಸರಿ.

ಅವನು ಆಡದ ಒಂದು ದಿನದ ಲೆಕ್ಕವನ್ನೂ ನೋಡಿಬಿಡೋಣ. 2017ರ ನವೆಂಬರ್ 12, ಅಟ್ಲಾಂಟಾ. ಟೈರನ್ ಪೆಟ್ಟಾಗಿ ಹೊರಗಿದ್ದ. ಆ ಎಡ ಮಗ್ಗುಲಿನಿಂದ ಏಡ್ರಿಯನ್ ಕ್ಲೇಬೋರ್ನ್ ಎಂಬಾತ ನುಗ್ಗಿ ನುಗ್ಗಿ ನಿಮ್ಮ ಕ್ವಾರ್ಟರ್‌ಬ್ಯಾಕ್ ಡ್ಯಾಕ್ ಪ್ರೆಸ್ಕಾಟ್‌ನನ್ನು ಒಂದೇ ಆಟದಲ್ಲಿ ಆರು ಸಲ ಕೆಡವಿದ. ಸೋತದ್ದು 27–7. ಒಬ್ಬ ಮನುಷ್ಯ ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಚೊಕ್ಕವಾದ ಆಡಿಟ್ ವರದಿ ಬೇಕೇ? ನಮ್ಮೂರ ಸೊಸೈಟಿ ಸೆಕ್ರೆಟರಿ ಆಗಿದ್ದರೂ ಆ ರಾತ್ರಿ ಪುಸ್ತಕ ಮುಚ್ಚಿ ಯೋಚನೆ ಮಾಡುತ್ತಿದ್ದ.

ಈಗ 2022ಕ್ಕೆ ಬರೋಣ, ನನ್ನ ತಾಳ್ಮೆ ಕೆಟ್ಟದ್ದು ಅಲ್ಲೇ. ಆಗಸ್ಟ್‌ನಲ್ಲಿ, ನಿಮ್ಮದೇ ತಂಡದ ಅಭ್ಯಾಸದಲ್ಲಿ, ಅವನ ತೊಡೆಯ ಹಿಂಬದಿಯ ಸ್ನಾಯು ಮೊಣಕಾಲಿನ ಹತ್ತಿರ ಮೂಳೆಯಿಂದ ಕಿತ್ತುಬಂತು. 31 ವರ್ಷದವನಿಗೆ, ಹನ್ನೆರಡನೇ ಸೀಸನ್ನಿಗೆ ಕಾಲಿಡುವವನಿಗೆ. ಇನ್ನು ಇವನ ಕಥೆ ಮುಗಿಯಿತು ಅಂತ ನನ್ನ ಆಫೀಸಿನ ಟೆಕ್ಸಸ್ ಗೆಳೆಯರೆಲ್ಲ ಕೈ ತೊಳೆದುಕೊಂಡರು. ಡಿಸೆಂಬರಿನಲ್ಲಿ ನಿಮ್ಮ ರೈಟ್ ಟ್ಯಾಕಲ್ ಟೆರೆನ್ಸ್ ಸ್ಟೀಲ್ ಮೊಣಕಾಲು ಕಳೆದುಕೊಂಡ. ಟೈರನ್ ನಾಲ್ಕೇ ತಿಂಗಳಲ್ಲಿ ಎದ್ದುಬಂದ. ಬಂದು ನಿಂತದ್ದಾದರೂ ಎಲ್ಲಿ? ಬಲಗಡೆ. ಸೇರಿದ ಹೊಸದರಲ್ಲಿ, 2011ರಲ್ಲಿ ಆಡಿದ್ದ ಜಾಗ. ಹತ್ತು ವರ್ಷಕ್ಕೂ ಮಿಕ್ಕಿ ಎಡಕ್ಕೆ ಒಗ್ಗಿದ ಪಾದ, ಸೊಂಟ, ಕೈ, ಎಲ್ಲವನ್ನೂ ತಿರುಗುಮುರುಗು ಮಾಡಿಕೊಂಡು, ಹೊಲಿದ ತೊಡೆಯ ಮೇಲೆ ಭಾರ ಹಾಕಿ ಆಡಿದ. ತಂಡಕ್ಕೆ ಬೇಕಾಗಿತ್ತು, ಬಂದ.

ಮೂರು ತಿಂಗಳು ಕಳೆಯಿತು. ಮಾರ್ಚ್ ಬಂತು. ಸೆಕ್ರೆಟರಿ ಪುಸ್ತಕ ತೆಗೆದ.

2014ರ ಒಪ್ಪಂದದ ಕೊನೇ ವರ್ಷ ಅದು. ಟೈರನ್‌ನ ಮೂಲವೇತನವನ್ನು ಅರ್ಧಕ್ಕೂ ಕೆಳಗಿಳಿಸಿದಿರಿ, ಉಳಿದದ್ದನ್ನು ಇನ್ಸೆಂಟಿವ್ ಮಾಡಿದಿರಿ: ಇಷ್ಟು ಆಡಿದರೆ ಇಷ್ಟು, ಅಷ್ಟು ಆಡಿದರೆ ಅಷ್ಟು. ಒಂಬತ್ತು ವರ್ಷ ಮಾರ್ಕೆಟ್ ಮೇಲೇರಿದಾಗ ಕಲ್ಲಿನಲ್ಲಿ ಕೊರೆದಂತಿದ್ದ ಕಾಗದ, ಮೊಣಕಾಲು ಸವೆದ ತಕ್ಷಣ ರಬ್ಬರ್ ಆಯಿತು. ಅವನು ಒಪ್ಪಿಕೊಂಡ ಅನ್ನುತ್ತೀರಿ. ಒಪ್ಪದೆ ಏನು ಮಾಡಬೇಕಿತ್ತು? ನಿಮ್ಮ ಲೀಗಿನ ಕಾಂಟ್ರಾಕ್ಟನ್ನು ತಂಡ ಯಾವಾಗ ಬೇಕಾದರೂ ಹರಿಯಬಹುದು, ಆಟಗಾರ ಹರಿಯುವ ಹಾಗಿಲ್ಲ. ಎಂಟು ವರ್ಷ ಅಂತ ಬರೆದದ್ದರಲ್ಲಿ ಎಂಟೂ ವರ್ಷ ಕಟ್ಟಿಬಿದ್ದಿದ್ದವನು ಒಬ್ಬನೇ. ಮೊಣಕಾಲಿನ ಜವಾಬ್ದಾರಿಯನ್ನು ಪೂರಾ ಮೊಣಕಾಲಿನ ಮೇಲೆಯೇ ಹೊರಿಸಿದಿರಿ, ಧಣಿಗಳೇ. ಆ ಕಾಲು ಸವೆದದ್ದು ಅವನ ಮನೆಯ ಅಂಗಳದಲ್ಲಿ ಅಲ್ಲ. ನಿಮ್ಮ ಕ್ವಾರ್ಟರ್‌ಬ್ಯಾಕ್ ಬೀಳದಿರಲಿ ಅಂತ, ನಿಮ್ಮ ಮೈದಾನದ ಮೇಲೆ, ನಿಮ್ಮ ಟಿವಿ ಕಾಸಿಗಾಗಿ ಸವೆದದ್ದು. ಸವೆಸಿದವರು ಒಂದು ಕಡೆ, ಸವಕಲಿನ ಬಿಲ್ಲು ಇನ್ನೊಂದು ಕಡೆ. ಇದಕ್ಕೆ ವ್ಯವಹಾರ ಅನ್ನುತ್ತಾರೆ. ನನಗೆ ನಾಚಿಕೆಗೇಡು ಅನ್ನಿಸುತ್ತದೆ. ಇಷ್ಟು ಹೊತ್ತು ತಮಾಷೆಯಾಗಿ ಬರೆಯುತ್ತಿದ್ದೆ, ಇಲ್ಲಿ ಆಗಲಿಲ್ಲ.

ಅವನು ಅದನ್ನೂ ಆಡಿ ತೋರಿಸಿದ. 2023ರಲ್ಲಿ ಮತ್ತೆ 13 ಆಟ (ಅದೇ ವ್ಯಾಮೋಹ), ವರ್ಷದ ಅತ್ಯುತ್ತಮರನ್ನು ಹೆಸರಿಸುವ ಆಲ್-ಪ್ರೋ ಪಟ್ಟಿಯ ಎರಡನೇ ತಂಡದಲ್ಲಿ ಸ್ಥಾನ. ತಂಡ 12 ಆಟ ಗೆದ್ದಿತು. ಆಮೇಲೆ ಪ್ಲೇಆಫ್‌ನಲ್ಲಿ ಮನೆಯಂಗಳದಲ್ಲೇ ಗ್ರೀನ್ ಬೇ 48 ಹೊಡೆದು ಕಳಿಸಿತು, ಅದು ಬೇರೆ ಸಂಕಟ. ನೀವು ಆಗ ಊರಿಗೆಲ್ಲ ಕೇಳುವ ಹಾಗೆ ಸಾರಿದ್ದು, ಈ ಸಲ ಇದ್ದಬದ್ದದ್ದನ್ನೆಲ್ಲ ಪಣಕ್ಕಿಡುತ್ತೇವೆ ಅಂತ. ಮಾರ್ಚ್ ಬಂತು. ಪಣಕ್ಕೆ ಏನಿಟ್ಟಿರೋ ಗೊತ್ತಾಗಲಿಲ್ಲ, ಟೈರನ್ ಮಾತ್ರ ನ್ಯೂಯಾರ್ಕ್ ಜೆಟ್ಸ್‌ಗೆ ಹೋದ. ಅಲ್ಲೂ ಒಂದೇ ವರ್ಷ, ಅಲ್ಲೂ ಆಡಿದಷ್ಟು ಕಾಸು. ಹತ್ತು ಆಟ ಆಡಿದ. ಕುತ್ತಿಗೆ ಮತ್ತೆ ಕೈಕೊಟ್ಟಿತು.

2025ರ ಏಪ್ರಿಲ್‌ನಲ್ಲಿ ಅವನು ನಿವೃತ್ತಿ ಹೇಳಲು ನಿಮ್ಮಲ್ಲಿಗೇ ಬಂದ, ಕೌಬಾಯ್ ಆಗಿಯೇ ಮುಗಿಸಬೇಕು ಅಂತ. ದೊಡ್ಡತನ ಅವನದು. ಅದಕ್ಕಾಗಿ ಒಂದು ದಿನದ ಕಾಂಟ್ರಾಕ್ಟ್. ಪುಣ್ಯಕ್ಕೆ ಆ ಒಂದು ದಿನವನ್ನು ಐದು ವರ್ಷಕ್ಕೆ ಹಂಚಲಿಲ್ಲ.

ನನ್ನದೊಂದು ಅರ್ಜಿ ಇದೆ. ಈ ಪದ್ಧತಿ ಇಷ್ಟು ನ್ಯಾಯವಾಗಿದ್ದರೆ ಮೊದಲು ನಿಮ್ಮ ಜನರಲ್ ಮ್ಯಾನೇಜರನ್ನೇ ರಿಸ್ಟ್ರಕ್ಚರ್ ಮಾಡಿ. ವಯಸ್ಸಾಗಿದೆ, ಫಾರ್ಮಿನಲ್ಲಿಲ್ಲ. ಕೊನೇ ಸೂಪರ್ ಬೌಲ್, ಅಂದರೆ ಲೀಗಿನ ಫೈನಲ್, ಗೆದ್ದದ್ದು 1996ರ ಜನವರಿಯಲ್ಲಿ. ಅಲ್ಲಿಂದ ಈಚೆಗೆ ಅದರ ಹಿಂದಿನ ಸುತ್ತಾದ ಕಾನ್ಫರೆನ್ಸ್ ಫೈನಲ್ಲಿನ ಮೆಟ್ಟಿಲನ್ನೂ ತುಳಿದಿಲ್ಲ. ಇಷ್ಟು ಕಾಲ ಹೊರಗಿದ್ದ ಆಟಗಾರನಿಗೆ ನೀವೇ ಏನು ಮಾಡುತ್ತಿದ್ದಿರಿ ಯೋಚಿಸಿ. ಖಾಯಂ ಅಧಿಕಾರ ಅರ್ಧ ಕಡಿಮೆ ಮಾಡಿ, ಉಳಿದದ್ದನ್ನು ಗೆದ್ದಷ್ಟು ಅಧಿಕಾರ ಅಂತ ಬರೆಯಿರಿ. ಒಂದು ಪ್ಲೇಆಫ್ ಗೆದ್ದರೆ ಒಂದು ಡ್ರಾಫ್ಟ್ ಆಯ್ಕೆ. ಎರಡು ಗೆದ್ದರೆ ಟಿವಿಯಲ್ಲಿ ಐದು ನಿಮಿಷ.

ಟಿಕೆಟ್ಟನ್ನೂ ಹೀಗೇ ಮಾಡಿಕೊಡಿ. ಆರ್ಲಿಂಗ್ಟನ್‌ನ ನಿಮ್ಮ ಸ್ಟೇಡಿಯಂನಲ್ಲಿ ಕಾರು ನಿಲ್ಲಿಸಲು ಕೊಡುವ ದುಡ್ಡನ್ನು ನಾನು ಐದು ವರ್ಷಕ್ಕೆ ಹಂಚಿ ಕಟ್ಟುತ್ತೇನೆ, ಅದರಲ್ಲಿ ಕೊನೆಯ ಎರಡು ವರ್ಷ ನಾನು ಬರುವುದೇ ಇಲ್ಲ. ವಾಯ್ಡ್. ಆ ಬಾಕಿ ನಿಮ್ಮ ಪುಸ್ತಕದಲ್ಲೇ ಇರಲಿ. ಬರೆಯುವುದು ಹೇಗೆ ಅಂತ ತಿಳಿಯದಿದ್ದರೆ ನಮ್ಮೂರ ಸೆಕ್ರೆಟರಿಯ ನಂಬರ್ ಹುಡುಕಿ ಕೊಡುತ್ತೇನೆ. ರಿಟೈರ್ ಆಗಿದ್ದಾನೆ, ಒಂದು ದಿನದ ಕಾಂಟ್ರಾಕ್ಟಿಗಾದರೂ ಬಂದಾನು.

ಇಂತಿ,
ಸೊಂಟ ಹಿಡಿದ ಒಬ್ಬ ಅಭಿಮಾನಿ
ಪ್ಲೇನೋ, ಟೆಕ್ಸಸ್

ವಿ.ಸೂ.: ಉತ್ತರ ಬರೆಯಲು ತಗಲುವ ಅಂಚೆ ಖರ್ಚನ್ನು ಮುಂದಿನ ಐದು ಸೀಸನ್ನುಗಳಿಗೆ ಹಂಚಿಕೊಳ್ಳಲು ನನ್ನ ಅಭ್ಯಂತರವಿಲ್ಲ.