ಒಂದು ದಿನದ ಮಾಸ್ತರ್

ಜನವಾಡದ ನಮ್ಮ ಓಣಿಯ ಮಾಸ್ತರು ನಿವೃತ್ತರಾಗಿ ಆರು ವರ್ಷವಾಯಿತು. ಮೂವತ್ತು ವರ್ಷ ಮಕ್ಕಳಿಗೆ ಕಲಿಸಿದ ಸೇಡನ್ನು ಈಗ ತಾವೇ ಕಲಿತು ತೀರಿಸಿಕೊಳ್ಳುತ್ತಿದ್ದಾರೆ. ಷರತ್ತು ಒಂದೇ: ತರಬೇತಿ ಒಂದು ದಿನದ್ದಿರಬೇಕು. ಎರಡು ದಿನದ್ದೆಂದರೆ, ‘ಅದು ಕೋರ್ಸ್ ಆಯ್ತಪಾ, ಪರೀಕ್ಷಾ ಗಿರೀಕ್ಷಾ ಇಡ್ತಾರ’ ಎಂದು ಹಿಂದೆ ಸರಿಯುತ್ತಾರೆ.

ಅಣಬೆ, ಜೇನು, ಎರೆಗೊಬ್ಬರ, ಫಿನಾಯಿಲ್, ಸೀರೆ ಕುಚ್ಚು, ಎಲ್ಲದರ ಸರ್ಟಿಫಿಕೇಟೂ ಲ್ಯಾಮಿನೇಷನ್ ಆಗಿ ಪಡಸಾಲೆಯ ಗೋಡೆ ಮೇಲಿವೆ. ಜಾಗ ಸಾಲದೆ ಮನೆದೇವರ ಫೋಟೊ ಅಡುಗೆಮನೆಗೆ ಬದಲಿಯಾಯಿತು. ಅಣಬೆ ಮಾತ್ರ ಆ ಮನೆಯಲ್ಲಿ ಇದುವರೆಗೆ ಎದ್ದಿಲ್ಲ. ಒಮ್ಮೆ ಮಳೆಗಾಲದಲ್ಲಿ ಬಚ್ಚಲ ಬಾಗಿಲ ಸಂದಿಯಲ್ಲಿ ತಾನಾಗಿ ಎದ್ದಿತ್ತು, ಅದನ್ನು ಮಾಸ್ತರ ಮನೆಯವರು ಕಿತ್ತೆಸೆದರು.

ಹೋದ ವರ್ಷ ಬೆಂಗಳೂರಿನ ಮಗಳ ಮನೆಗೆ ಹೋದವರು ರೇಷ್ಮೆ ಬಟ್ಟೆಯ ಮೇಲೆ ಚಿತ್ರ ಬಿಡಿಸುವುದನ್ನು ಕಲಿತು ಬಂದರು. ಬಟ್ಟೆಯನ್ನು ಚೌಕಟ್ಟಿಗೆ ತಮಟೆಯಂತೆ ಬಿಗಿದು ಪಿನ್ನು ಚುಚ್ಚಬೇಕು. ಗುಟ್ಟಾ ಎಂಬ ಅಂಟಿನಿಂದ ಗೆರೆ ಎಳೆಯಬೇಕು. ಗೆರೆ ಒಣಗಿದ ಮೇಲೆ ಬಣ್ಣ ಮುಟ್ಟಿಸಿದರೆ ಅದು ತಾನೇ ಹರಿದು ಗೆರೆಯವರೆಗೆ ಹೋಗಿ ನಿಲ್ಲುತ್ತದೆ. ಗೆರೆಯಲ್ಲಿ ಕೂದಲೆಳೆಯಷ್ಟು ಸಂದಿ ಇದ್ದರೂ ಬಣ್ಣ ಬೇಲಿ ಹಾರಿದ ದನದಂತೆ ಪಕ್ಕದ ಹೊಲಕ್ಕೆ ನುಗ್ಗುತ್ತದೆ. ಮಾಸ್ತರು ಮಾವಿನ ಹಣ್ಣು ಬರೆದಿದ್ದರು. ಎಲೆಯ ತೊಟ್ಟಿನಲ್ಲಿ ಸಂದಿ ಉಳಿದು ಹಸಿರೆಲ್ಲ ಹಣ್ಣಿಗೆ ಹರಿಯಿತು. ‘ಕಾಯಿ ಬರದೀನಿ’ ಎಂದು ವಾದಿಸಿದರು. ಹಸಿ ಬಣ್ಣದ ಮೇಲೆ ಕಲ್ಲುಪ್ಪು ಉದುರಿಸಿದರೆ ಉಪ್ಪು ಬಣ್ಣ ಹೀರಿ ನಕ್ಷತ್ರದಂಥ ಚುಕ್ಕೆ ಮೂಡುತ್ತದಂತೆ. ಇವರು ಉಪ್ಪಿನಕಾಯಿಗೆ ಹಾಕುವಷ್ಟು ಹಾಕಿದರು. ಬಣ್ಣ ನಿಲ್ಲಬೇಕಾದರೆ ಕೊನೆಗೆ ಆವಿಯಲ್ಲಿ ಬೇಯಿಸಬೇಕು. ಆದರೆ ಅದು ಮರುದಿನದ ಕೆಲಸ, ಸರ್ಟಿಫಿಕೇಟ್ ಸಂಜೆಯೇ ಕೊಟ್ಟಾಗಿತ್ತು. ಮಗಳು ಆ ಬಟ್ಟೆಯನ್ನು ಒಮ್ಮೆ ಒಗೆದಳು. ಅಳಿಯನ ಬಿಳಿ ಬನಿಯನ್ನುಗಳು ಇಂದಿಗೂ ಮಾವಿನ ಬಣ್ಣದಲ್ಲಿವೆ.

ಬೀದರಿನಲ್ಲಿ ಬಿದರಿ ಕಲೆಯ ಒಂದು ದಿನದ ಶಿಬಿರ ಅಂತ ಗೊತ್ತಾದಾಗ ಜೊತೆಗೆ ನನ್ನನ್ನೂ ಎಳೆದುಕೊಂಡು ಹೊರಟರು. ಔರಾದ್ ಕಡೆಯಿಂದ ಬಂದ ಬಸ್ಸಿನಲ್ಲಿ ನಿಂತೇ ಹೋದೆವು. ದಾರಿಯುದ್ದಕ್ಕೂ ನನಗೆ ಪಾಠ: ಬಹಮನಿ ಸುಲ್ತಾನರ ಕಾಲದ ಕಲೆ, 2006ರಲ್ಲಿ ಜಿಐ ಮಾನ್ಯತೆ, 2023ರಲ್ಲಿ ನಮ್ಮ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ. ಆಮೇಲೆ ದನಿ ತಗ್ಗಿಸಿ, ‘ಪದ್ಮಶ್ರೀಗೆ ಎಷ್ಟ್ ದಿನದ ಶಿಬಿರ ಮಾಡ್ಬೇಕಾಗ್ತದೋ’ ಎಂದರು.

ಕಲಿಸುವ ಉಸ್ತಾದರು ಮಿತಭಾಷಿ. ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ ಬೆರೆಸಿ ಎರಕ ಹೊಯ್ದು, ಅರದಿಂದ ಉಜ್ಜಿ, ಮೈಲುತುತ್ತದ ನೀರು ಸವರಿ ಕಪ್ಪು ಮಾಡಿದ ಪುಟ್ಟ ಬಿಲ್ಲೆಗಳನ್ನು ಮೊದಲೇ ಸಿದ್ಧಮಾಡಿಟ್ಟಿದ್ದರು. ಅಂದರೆ ಅರ್ಧ ಕೆಲಸ ಮುಗಿದೇ ಇತ್ತು. ಪೆನ್ಸಿಲ್ಲು ಗಿನ್ಸಿಲ್ಲು ಇಲ್ಲದೆ ಉಕ್ಕಿನ ಮೊನೆಯಿಂದ ಒಂದೇ ಉಸಿರಿಗೆ ಬಳ್ಳಿ ಬರೆದು, ಉಳಿ ಇಟ್ಟು ಗೆರೆ ಕೊರೆದು, ಬೆಳ್ಳಿತಂತಿ ಕೂರಿಸಿ ಸಣ್ಣ ಸುತ್ತಿಗೆಯಿಂದ ಟಕಟಕ ತಟ್ಟಿ ತೋರಿಸಿದರು. ‘ಇದೇನ್ರಿ, ಗುಟ್ಟಾದಂಗೇ ಅದ. ಗೆರಿ ಹೊಡಿಯೋದು, ತುಂಬೋದು’ ಎಂದ ಮಾಸ್ತರು ಉಳಿ ಎತ್ತಿಕೊಂಡರು.

ಮೊದಲ ಏಟಿಗೆ ಬಿಲ್ಲೆ ಜಾರಿತು, ಎರಡನೆಯದಕ್ಕೆ ಹೆಬ್ಬೆರಳು ಸಿಕ್ಕಿತು.

‘ಮಾಸ್ತರ್ ಸಾಬ್, ಹಗುರ ಹೊಡೀರಿ. ಗ್ವಾಡಿ ಕೆಡವ್ಲತ್ತಿಲ್ಲ ನಾವು.’

ಮಧ್ಯಾಹ್ನದ ಊಟದ ಹೊತ್ತಿಗೆ ಅವರ ಬಳ್ಳಿಯಲ್ಲಿ ಒಂದೂವರೆ ಎಲೆ ಇತ್ತು. ತಂತಿ ಒಂದು ತುದಿಯಲ್ಲಿ ಕೂತರೆ ಇನ್ನೊಂದು ತುದಿಯಲ್ಲಿ ಎದ್ದು ನಿಲ್ಲುತ್ತಿತ್ತು. ಮಾಸ್ತರು ತಮ್ಮ ಹಳೆಯ ಶಾಲೆಯ ಯಾವುದೋ ಹುಡುಗನನ್ನು ನೆನೆಸಿಕೊಂಡವರಂತೆ ಅದಕ್ಕೆ, ‘ಕೂಡ್ರಲೇ’ ಎಂದು ಗದರಿದ್ದನ್ನು ನಾನೇ ಕೇಳಿದೆ.

ಕೊನೆಯದು ಕೋಟೆಯ ಮಣ್ಣಿನ ಆಟ. ಬಿಸಿಲು ಮಳೆ ತಾಗದ ಮೂಲೆಯಿಂದ ತಂದ ಆ ಮಣ್ಣನ್ನು ನವಸಾಗರದೊಂದಿಗೆ ನೀರಿಗೆ ಹಾಕಿ, ಬಿಸಿಮಾಡಿದ ಬಿಲ್ಲೆಗೆ ಉಜ್ಜಿದರೆ ಲೋಹವೆಲ್ಲ ಕಾಡಿಗೆಯಂತೆ ಕಪ್ಪಾಗಿ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಮಣ್ಣು ಸರಿಯಿದೆಯೋ ಇಲ್ಲವೋ ಎಂಬುದನ್ನು ಕಸುಬುದಾರರು ನಾಲಿಗೆಗಿಟ್ಟು ನೋಡುತ್ತಾರೆ. ಉಸ್ತಾದರು ಒಂದು ಚಿಟಿಕೆ ನಾಲಿಗೆಗಿಟ್ಟು ತಲೆಯಾಡಿಸಿದರು. ಮಾಸ್ತರು ಬಿಡುತ್ತಾರೆಯೆ? ತಾವೂ ಒಂದು ಚಿಟಿಕೆ ಬಾಯಿಗೆ ಹಾಕಿ, ಕಣ್ಣು ಮುಚ್ಚಿ ಚಪ್ಪರಿಸಿ, ‘ಉಪ್ಪು ಸ್ವಲ್ಪ ಕಡಿಮಿ ಆಗ್ಯದ’ ಎಂದು ತೀರ್ಪು ಕೊಟ್ಟರು. ಬೆಳಗಿನಿಂದ ನಗದ ಉಸ್ತಾದರು ಆಗ ನಕ್ಕರು.

‘ಕೈ ಕೂಡಲಾಕ ಎಷ್ಟ್ ದಿನ ಬೇಕು ಉಸ್ತಾದ್?’

‘ನಮ್ಮ ಅಬ್ಬಾನ ಹತ್ತಿರ ಹತ್ತು ವರ್ಸಕ್ಕ ಕೂತೀನ್ರಿ. ಇನ್ನಾ ಕಲೀಲತ್ತೀನಿ.’

ಮಾಸ್ತರಿಗೆ ಅಯ್ಯೋ ಅನ್ನಿಸಿತು. ಪಾಪ, ಇಷ್ಟು ವರ್ಷವಾದರೂ ಈ ಮನುಷ್ಯನಿಗೆ ಯಾರೂ ಸರ್ಟಿಫಿಕೇಟ್ ಕೊಟ್ಟಿಲ್ಲವೇ ಎಂಬ ಕನಿಕರ ಅವರ ಮುಖದಲ್ಲಿ ಎದ್ದು ಕಾಣುತ್ತಿತ್ತು.

ನನ್ನ ಬಿಲ್ಲೆಯ ಸುದ್ದಿ ಬೇಡ. ಮಾಸ್ತರರದ್ದನ್ನು ಉಸ್ತಾದರೇ ಕೈಗೆತ್ತಿಕೊಂಡು ತಂತಿ ಕೂರಿಸಿ, ಉಳಿದ ಎಲೆಗಳನ್ನು ಕೊರೆದು, ಕಪ್ಪು ಮಾಡಿ, ಎಣ್ಣೆ ಸವರಿ ಕೊಟ್ಟರು. ಹತ್ತೇ ನಿಮಿಷ. ವಾಪಸು ಬರುವ ಬಸ್ಸಿನಲ್ಲಿ ಅದು ಕಂಡಕ್ಟರನಿಂದ ಹಿಡಿದು ಹಿಂದಿನ ಸೀಟಿನ ಬಾಣಂತಿಯವರೆಗೆ ಕೈಯಿಂದ ಕೈಗೆ ಹೋಯಿತು. ‘ನಾನೇ ಮಾಡಿದ್ದು’ ಎನ್ನುವಾಗ ಮಾಸ್ತರರ ದನಿಯಲ್ಲಿ ಒಂದಿಷ್ಟೂ ಸುಳ್ಳಿರಲಿಲ್ಲ. ಒಂದೂವರೆ ಎಲೆ ಅವರದೇ ತಾನೆ.

ಈಗ ಗೋಡೆಯಲ್ಲಿ ಕಿಟಕಿಯ ಪಕ್ಕ ಒಂದೇ ಒಂದು ಜಾಗ ಖಾಲಿ ಇದೆ. ನಿಮ್ಮೂರಿನಲ್ಲಿ ಏನಾದರೂ ಶಿಬಿರವಿದ್ದರೆ ದಯವಿಟ್ಟು ತಿಳಿಸಿ. ವಿಷಯ ಯಾವುದಾದರೂ ಅಡ್ಡಿಯಿಲ್ಲ. ಬೆಳಿಗ್ಗೆ ಶುರುವಾಗಿ ಸಂಜೆಯೊಳಗೆ ಮುಗಿಯಬೇಕು, ನಡುವೆ ಊಟ ಇರಬೇಕು.